ವ್ರತಕ್ಕೆ ರಜೆಯುಂಟೆ?

ಆಚಾರ್ಯ ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತದ ಮೇರೆಗಳನ್ನು ಹೇಳುವಾಗ ಎಲ್ಲಕ್ಕಿಂತ ಮೊದಲು ಹೆಸರಿಸಿರುವುದು ಸಮುದ್ರವನ್ನು. ನದಿ, ಅಡವಿ, ಗಿರಿ, ಜನಪದ, ಯೋಜನ ಇವು ಆಮೇಲೆ ಬರುತ್ತವೆ. ಎಲ್ಲರಿಗೂ ತಿಳಿದ, ಮರೆಯಲು ಬಾರದ ಗುರುತುಗಳನ್ನು ಮೇರೆಯಾಗಿಟ್ಟುಕೊಂಡು, ಇದರಿಂದಾಚೆಗೆ ಜೀವವಿರುವ ತನಕ ಹೋಗುವುದಿಲ್ಲವೆಂದು ಶ್ರಾವಕನು ಸಂಕಲ್ಪಿಸಬೇಕೆಂಬುದು ಅಲ್ಲಿಯ ಅಭಿಪ್ರಾಯ. ಸಮುದ್ರಕ್ಕಿಂತ ಸ್ಪಷ್ಟವಾದ ಗುರುತು ಬೇರೆ ಯಾವುದಿದ್ದೀತು?

ಅರಸೀಕೆರೆ, ಹಳೇಬೀಡು, ಬೇಲೂರು ಸೀಮೆಯ ಶ್ರಾವಕರಿಗೆ ಸಮುದ್ರವೆಂಬುದು ಬಹುಕಾಲ ಕೇಳಿ ತಿಳಿದ ವಸ್ತುವೇ ಆಗಿತ್ತು. ಈ ಬಯಲುನಾಡಿನ ಜನ ತಮ್ಮ ದೊಡ್ಡ ಕೆರೆಗಳನ್ನೇ ಸಮುದ್ರವೆಂದು ಕರೆದು ತೃಪ್ತಿಪಟ್ಟರು. ಹಳೇಬೀಡಿನ ಹಿಂದಿನ ಹೆಸರು ದೋರಸಮುದ್ರ. ಅರಸೀಕೆರೆಯ ಹೆಸರಿನಲ್ಲಿಯೂ ಇರುವುದು ಕೆರೆಯೇ. ಗಂಗರಾಜನ ಮಗ ಬೊಪ್ಪನು 1133ರಲ್ಲಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗಲೂ, ರೇಚರಸನು 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ನಿರ್ಮಿಸಿದಾಗಲೂ, ಇಲ್ಲಿಯ ಗೃಹಸ್ಥನೊಬ್ಬನು ಪಶ್ಚಿಮಕ್ಕೆ ಸಮುದ್ರವೇ ತನ್ನ ಮೇರೆಯೆಂದು ವ್ರತ ಹಿಡಿದಿದ್ದರೆ ಆ ಮೇರೆಯನ್ನು ಮುಟ್ಟುವ ಪ್ರಸಂಗ ಅವನಿಗೆ ಬರುವುದು ಅಪರೂಪವಾಗಿತ್ತು. ದೂರವೇ ಅವನ ವ್ರತವನ್ನು ಕಾಯುತ್ತಿತ್ತು.

ಇಂದು ಆ ದೂರ ಉಳಿದಿಲ್ಲ. ಬೇಲೂರಿನಿಂದ ಮೂಡಿಗೆರೆಯ ಮೇಲೆ ಹಾದು ಚಾರ್ಮಾಡಿ ಘಟ್ಟವನ್ನಿಳಿದರೆ, ವೇಣೂರು, ಮೂಡುಬಿದಿರೆ, ಕಾರ್ಕಳಗಳ ದರ್ಶನವನ್ನು ಮಾಡಿಕೊಂಡು ಮರುದಿನ ಬೆಳಿಗ್ಗೆ ಮಲ್ಪೆಯ ಕಡಲ ತೀರದಲ್ಲಿರಬಹುದು. ಅಲ್ಲಿಂದ ಸುಮಾರು 6 ಕಿ.ಮೀ. ದೂರದಲ್ಲಿ ಸೇಂಟ್ ಮೇರೀಸ್ ದ್ವೀಪ. ತೆಂಗಿನ ಮರಗಳು, ಕಪ್ಪೆಚಿಪ್ಪು ಹಾಸಿದ ದಡ, ಕಡೆದು ನಿಲ್ಲಿಸಿದಂತೆ ತೋರುವ ಕಲ್ಲುಕಂಬಗಳು. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. ಮುನಿಗಳು ಒಂದೆಡೆ ನಿಲ್ಲುವ ಚಾತುರ್ಮಾಸ ಕಳೆದು ಡಿಸೆಂಬರ್ ಬಂತೆಂದರೆ, ಮಕ್ಕಳ ರಜೆಯೊಡನೆ ಸಂಸಾರಸಮೇತರಾಗಿ ಹೊರಡುವವರಲ್ಲಿ ನಮ್ಮ ಮನೆಗಳವರೂ ಇದ್ದಾರೆ. ಹೀಗೆ ಒಂದು ಹಗಲನ್ನು ದ್ವೀಪದ ದಡದಲ್ಲಿ ಕಳೆಯುವುದು ಶ್ರಾವಕಧರ್ಮಕ್ಕೆ ಒಪ್ಪುವುದೆ? ಒಪ್ಪುವುದಾದರೆ ಯಾವ ಅಳತೆಯಲ್ಲಿ? ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ವ್ರತದ ಬಲವು ಪರ್ವದ ದಿನಗಳಿಗಿಂತ ಹೆಚ್ಚಾಗಿ ವಿನೋದದ ದಿನಗಳಲ್ಲಿ ಪರೀಕ್ಷೆಗೊಳ್ಳುತ್ತದೆ.

ವಿಚಾರಕ್ಕೆ ಅನುಕೂಲವಾಗಲೆಂದು ಅರಸೀಕೆರೆಯ ಒಂದು ಮನೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಮಗ, ಸೊಸೆ, ಇಬ್ಬರು ಮಕ್ಕಳು, ಅವರೊಡನೆ ಅಜ್ಜಿ. ಅಜ್ಜಿಯು ಹಲವು ವರ್ಷಗಳ ಹಿಂದೆ ಗುರುಗಳ ಸಮ್ಮುಖದಲ್ಲಿ ದಿಗ್ವ್ರತವನ್ನು ಸ್ವೀಕರಿಸಿದವರು. ಪೂರ್ವಕ್ಕೆ ಸಮ್ಮೇದಶಿಖರ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಕನ್ಯಾಕುಮಾರಿ, ಪಶ್ಚಿಮಕ್ಕೆ ಸಮುದ್ರ. ಮಲ್ಪೆಯವರೆಗೆ ಎಲ್ಲರೂ ಸಂತೋಷದಿಂದ ಬರುತ್ತಾರೆ. ದೋಣಿ ಹತ್ತುವ ಹೊತ್ತಿಗೆ ಅಜ್ಜಿ ದಡದಲ್ಲಿಯೇ ನಿಲ್ಲುತ್ತಾರೆ. 'ನೀನೂ ಬಾ ಅಜ್ಜಿ' ಎಂದು ಮಗು ಸೆರಗು ಹಿಡಿದೆಳೆಯುತ್ತದೆ.

ಮೊದಲು ಮಕ್ಕಳ ಆಟವನ್ನೇ ವಿಚಾರಿಸಬೇಕು. ಕಡಲಿನಲ್ಲಿ ಮೀಯುವುದು, ಮರಳನ್ನು ಗುಡ್ಡೆಹಾಕುವುದು, ಈ ಎರಡನ್ನೂ ಸಮಂತಭದ್ರಸ್ವಾಮಿಗಳು ಲೋಕಮೂಢತೆಯ ಪಟ್ಟಿಯಲ್ಲಿ ಸೇರಿಸಿದ್ದಾರೆಂಬುದನ್ನು ಸ್ವಾಧ್ಯಾಯವುಳ್ಳವರು ಬಲ್ಲರು. ಇದನ್ನು ಹಿಡಿದು ಕೆಲವರು, ಕಡಲಿಗಿಳಿಯುವುದೇ ಮಿಥ್ಯಾತ್ವವೆಂದು ಮಕ್ಕಳನ್ನು ಗದರಿಸುವುದುಂಟು. ಅದು ಗ್ರಂಥದ ಆಶಯವಲ್ಲ. ನದಿಯಲ್ಲಿ ಅಥವಾ ಕಡಲಲ್ಲಿ ಮುಳುಗಿದ ಮಾತ್ರದಿಂದ ಪಾಪ ತೊಳೆದುಹೋಗುತ್ತದೆ, ಮರಳು ಕಲ್ಲುಗಳನ್ನು ರಾಶಿ ಹಾಕಿದರೆ ಪುಣ್ಯ ಬರುತ್ತದೆ ಎಂಬ ನಂಬಿಕೆಗೆ ಆಚಾರ್ಯರು ಮೂಢತೆಯೆಂದು ಹೆಸರಿಟ್ಟರು. ಏಳು ವರ್ಷದ ಮಗುವು ಮರಳಿನಲ್ಲಿ ಗೋಪುರ ಕಟ್ಟುವಾಗ ಪುಣ್ಯದ ಎಣಿಕೆ ಅದರ ಮನಸ್ಸಿನಲ್ಲಿರುವುದಿಲ್ಲ. ಕ್ರಿಯೆ ಒಂದೇ ಆದರೂ ಭಾವ ಬೇರೆ. ಭಾವವನ್ನು ನೋಡದೆ ಕ್ರಿಯೆಯನ್ನು ಮಾತ್ರ ನೋಡಿ ತೀರ್ಪು ಕೊಡುವುದು ಜೈನಧರ್ಮದ ಪದ್ಧತಿಯಲ್ಲ.

ಆದರೆ ಮೂಢತೆಯ ದೋಷ ತಪ್ಪಿದ ಮಾತ್ರಕ್ಕೆ ಎಲ್ಲ ದೋಷವೂ ತಪ್ಪಿತೆನ್ನಲಾಗದು. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ನಿಷ್ಫಲವಾಗಿ ಮಣ್ಣನ್ನು ಅಗೆಯುವುದು, ನೀರನ್ನು ಎರಚುವುದು, ಬೆಂಕಿ ಹೊತ್ತಿಸುವುದು, ಗಿಡ ಕೀಳುವುದು, ಸುಮ್ಮನೆ ಅಲೆಯುವುದು, ಇತರರನ್ನೂ ಅಲೆಯಿಸುವುದು ಇವೆಲ್ಲ ಅದರೊಳಗೆ ಬರುತ್ತವೆ. ದ್ವೀಪದಲ್ಲಿ ಕಳೆಯುವ ಒಂದು ಹಗಲಿನ ವರ್ಣನೆಯನ್ನೇ ಓದಿದಂತಾಗುತ್ತದೆ! ಹಾಗಾದರೆ ವಿಹಾರವೇ ವರ್ಜ್ಯವೆ?

ಇಲ್ಲಿ ನಿಷ್ಫಲವೆಂಬ ಮಾತಿನ ಮೇಲೆ ದೃಷ್ಟಿಯಿಡಬೇಕು. ಗೃಹಸ್ಥನಿಗೆ ಸ್ಥಾವರಹಿಂಸೆಯ ಸಂಪೂರ್ಣ ತ್ಯಾಗವನ್ನು ಯಾವ ಶ್ರಾವಕಾಚಾರವೂ ವಿಧಿಸಿಲ್ಲ. ಅವನು ಉಳುತ್ತಾನೆ, ಅಡುಗೆ ಮಾಡುತ್ತಾನೆ, ಮನೆ ಕಟ್ಟುತ್ತಾನೆ. ಪ್ರಯೋಜನವಿಲ್ಲದೆ ಜೀವರಾಶಿಯ ಮೇಲೆ ಹೊರೆ ಹಾಕಬಾರದೆಂಬುದಷ್ಟೇ ಈ ವ್ರತದ ಕಟ್ಟಳೆ. ವರ್ಷವಿಡೀ ಕಚೇರಿ, ಅಂಗಡಿ, ಶಾಲೆಗಳಲ್ಲಿ ಹಂಚಿಹೋದ ಮನೆಯವರು ಒಂದು ಹಗಲು ಒಟ್ಟಿಗಿರುವುದು, ಮಗುವು ತಂದೆಯ ಕೈಹಿಡಿದು ಮೊದಲ ಸಲ ಅಲೆಯ ಮುಂದೆ ನಿಲ್ಲುವುದು, ಇದು ಪ್ರಯೋಜನವಲ್ಲವೆಂದು ಯಾರು ಹೇಳಿಯಾರು? ವಾತ್ಸಲ್ಯವು ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದು. ಅದು ಸಹಧರ್ಮಿಗಳಲ್ಲಿ ಇರಬೇಕಾದ ಪ್ರೀತಿ. ಸ್ವಂತ ಮನೆಯಲ್ಲಿಯೇ ಅದನ್ನು ಕಾಣದ ಮಗುವಿಗೆ ಸಂಘದಲ್ಲಿ ಅದನ್ನು ತೋರುವುದು ಎಲ್ಲಿಂದ ಬಂದೀತು?

ಆದರೆ ಫಲವಿದೆಯೆಂದು ಹೇಳುವವನು ಆ ಫಲವನ್ನು ನಿಜವಾಗಿ ಪಡೆದಿರಬೇಕು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣಮಾಡಿ, ದಡದಲ್ಲಿ ಕುಳಿತು ಒಬ್ಬೊಬ್ಬರೂ ತಮ್ಮ ತಮ್ಮ ಫೋನಿನಲ್ಲಿ ಮುಳುಗಿದರೆ ವಿಹಾರವು ನಿಷ್ಫಲವಾಯಿತು. ಆಗ ಅದು ಪ್ರಮಾದಚರ್ಯೆಯೇ ಸರಿ. ಪ್ರಮಾದವೆಂದರೆ ಎಚ್ಚರ ತಪ್ಪಿರುವುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಅದರ ಮೂಲದಲ್ಲಿರಿಸಿದ್ದಾರೆ. ದ್ವೀಪದ ಬಂಡೆಗಳ ನಡುವೆ ಅಪಾಯದ ಕಡೆಗಳಲ್ಲಿ ನೀರಿಗಿಳಿಯಬಾರದೆಂಬ ಎಚ್ಚರಿಕೆಯಿದೆ. ಮಗುವನ್ನು ನೀರಿನಲ್ಲಿ ಬಿಟ್ಟು ತಂದೆ ಬೇರೆಲ್ಲೋ ನೋಡುತ್ತಿದ್ದರೆ, ಅನಾಹುತವು ಆಗಲಿ ಬಿಡಲಿ, ಹಿಂಸೆಯ ಬೀಜ ಅಲ್ಲಿ ಬಿದ್ದಿದೆ. ಮಗುವಿನ ಮೇಲಿನ ನಿಗಾ ಮತ್ತು ಜೀವರಾಶಿಯ ಮೇಲಿನ ನಿಗಾ ಎರಡೂ ಒಂದೇ ಗುಣದ ಎರಡು ಮುಖಗಳು.

ಇನ್ನು ಕಪ್ಪೆಚಿಪ್ಪಿನ ವಿಷಯ. ಆಚಾರ್ಯ ಕುಂದಕುಂದರು ಪಂಚಾಸ್ತಿಕಾಯದಲ್ಲಿ ದ್ವೀಂದ್ರಿಯ ಜೀವಗಳಿಗೆ ಉದಾಹರಣೆ ಕೊಡುವಾಗ ಶಂಖ, ಸಿಂಪಿಗಳನ್ನು ಹೆಸರಿಸಿದ್ದಾರೆ. ಪಾಠಶಾಲೆಯಲ್ಲಿ ಈ ಹೆಸರುಗಳನ್ನು ಬಾಯಿಪಾಠ ಮಾಡಿದ ಮಕ್ಕಳು, ಅವುಗಳನ್ನು ಕಣ್ಣಾರೆ ಕಾಣುವುದು ಇಂತಹ ದಡದಲ್ಲಿಯೇ. ಮಗುವು ಬೊಗಸೆ ತುಂಬ ಚಿಪ್ಪುಗಳನ್ನು ಆಯ್ದು ತಂದರೆ ಏನು ಹೇಳಬೇಕು? ಎಲ್ಲ ಚಿಪ್ಪೂ ಬರಿದಾಗಿರುವುದಿಲ್ಲ. ಕೆಲವುಗಳಲ್ಲಿ ಮೂಲ ಜೀವಿಯೇ ಇನ್ನೂ ಇರಬಹುದು. ಜೀವಿ ಸತ್ತು ಬರಿದಾದ ಶಂಖವನ್ನು ಸಣ್ಣ ಏಡಿಯೊಂದು ತನ್ನ ಮನೆಮಾಡಿಕೊಂಡಿರಬಹುದು. ಆ ಏಡಿಗೆ ಬೇರೆ ಆಸರೆಯಿಲ್ಲ. ಚೀಲಕ್ಕೆ ಸೇರಿದ ಇಂತಹ ಶಂಖವು ಅರಸೀಕೆರೆಯನ್ನು ತಲುಪುವುದರೊಳಗೆ ನಾರತೊಡಗುತ್ತದೆ. ಅಲಂಕಾರಕ್ಕೆಂದು ತಂದದ್ದು ತ್ರಸಜೀವದ ಮರಣಕ್ಕೆ ಕಾರಣವಾಯಿತು. ಇಲ್ಲಿ ಹೊಟ್ಟೆಪಾಡಿನ ನೆಪವಿಲ್ಲ, ಆತ್ಮರಕ್ಷಣೆಯ ನೆಪವೂ ಇಲ್ಲ.

ಇದನ್ನು ಮಗುವಿಗೆ ತಿಳಿಸಲು ಉಪದೇಶ ಬೇಕಿಲ್ಲ. ಮನೆಯಲ್ಲಿ ಅಜ್ಜಿಯು ನೀರು ಸೋಸುವುದನ್ನು ಅದು ನೋಡಿದೆ. ಸೋಸಿದ ಮೇಲೆ ಬಟ್ಟೆಯನ್ನು ಹಿಂಡಿ ಒಗೆಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳಿಗೆ ನೋವಾಗದಂತೆ ಮೆಲ್ಲನೆ ನೀರು ಹೊಯ್ದು, ಯಾವ ಬಾವಿಯಿಂದ ನೀರು ಬಂತೋ ಆ ಬಾವಿಗೇ ಅವುಗಳನ್ನು ಮರಳಿಸುತ್ತಾರೆ. 'ಅಜ್ಜಿ ಬಾವಿಗೆ ಮರಳಿ ಬಿಡುವ ಹಾಗೆ ನೀನು ಇದನ್ನು ಕಡಲಿಗೆ ಬಿಡು' ಎಂದರೆ ಮಗುವಿಗೆ ಅರ್ಥವಾಗುತ್ತದೆ. ಕೈಯಲ್ಲಿ ಹಿಡಿದು ನೋಡಿದ, ಬಣ್ಣಕ್ಕೆ ಬೆರಗಾದ, ಆಮೇಲೆ ಎಲ್ಲಿತ್ತೋ ಅಲ್ಲಿಯೇ ಇಟ್ಟುಬಂದ ಶಂಖವು ಮಗುವಿನ ನೆನಪಿನಲ್ಲಿ ಕಪಾಟಿನ ಶಂಖಕ್ಕಿಂತ ಹೆಚ್ಚು ಕಾಲ ಉಳಿದೀತು.

ಗಾಳ ಹಾಕಿ ಮೀನು ಹಿಡಿಯುವುದನ್ನು ಆಟವೆಂದು ತಿಳಿಯುವುದು ಸಂಕಲ್ಪೀ ಹಿಂಸೆ. ಅದಕ್ಕೆ ವಿಚಾರವೇ ಬೇಕಿಲ್ಲ. ಆದರೆ ಮಲ್ಪೆಯು ದೊಡ್ಡ ಮೀನುಗಾರಿಕಾ ಬಂದರು. ಅಲ್ಲಿಯ ಬಲೆಗಳನ್ನೂ ಬುಟ್ಟಿಗಳನ್ನೂ ಕಂಡು ಮೂಗು ಮುಚ್ಚಿ, ಆ ಜನರನ್ನು ಹೀನವಾಗಿ ಮಾತನಾಡುವುದು ಶ್ರಾವಕನಿಗೆ ಶೋಭಿಸದು. ಬಿರುಗಾಳಿಗೆ ಮೈಯೊಡ್ಡಿ ಅನ್ನ ಸಂಪಾದಿಸುವವರ ಮೇಲೆ ತಿರಸ್ಕಾರ ತಾಳುವುದು ಕಷಾಯವೇ ಹೊರತು ಅಹಿಂಸೆಯಲ್ಲ. ವ್ರತವು ತನ್ನನ್ನು ತಾನು ಅಳೆದುಕೊಳ್ಳುವ ಕೋಲು. ನೆರೆಯವನನ್ನು ಅಳೆಯಲು ಅದನ್ನು ಕೊಟ್ಟಿಲ್ಲ.

ಈಗ ದಡದಲ್ಲಿ ನಿಂತ ಅಜ್ಜಿಯ ವಿಷಯಕ್ಕೆ ಬರಬೇಕು. ಮಗನು ತಾಯಿಯ ಮೇಲಿನ ಪ್ರೀತಿಯಿಂದಲೇ ಮೂರು ಉಪಾಯಗಳನ್ನು ಹೇಳುತ್ತಾನೆಂದು ಭಾವಿಸಬಹುದು. ಮೊದಲನೆಯದು: ಶಿಖರ್ಜಿಯ ಯಾತ್ರೆ ಮುಗಿದಿದೆ, ಇನ್ನು ಈ ವಯಸ್ಸಿನಲ್ಲಿ ಅತ್ತ ಹೋಗುವ ಸಂಭವವಿಲ್ಲ, ಪೂರ್ವದ ಕಡೆ ನೂರು ಮೈಲಿ ಕಡಿಮೆ ಮಾಡಿ, ಪಶ್ಚಿಮದ ಕಡೆ ನಾಲ್ಕು ಮೈಲಿ ಹೆಚ್ಚಿಸಿಕೊಂಡರೆ ಒಟ್ಟಿನಲ್ಲಿ ವ್ರತವು ಬಿಗಿಯೇ ಆಯಿತಲ್ಲವೆ? ಲೆಕ್ಕವೇನೋ ಸರಿಯಾಗಿ ಕಾಣುತ್ತದೆ. ಆದರೆ ತತ್ತ್ವಾರ್ಥಸೂತ್ರವು ದಿಗ್ವ್ರತದ ಐದು ಅತಿಚಾರಗಳಲ್ಲಿ ಕ್ಷೇತ್ರವೃದ್ಧಿಯೆಂದು ಎಣಿಸಿರುವುದು ಇದನ್ನೇ. ಬೇಡವಾದ ದಿಕ್ಕನ್ನು ಬಿಟ್ಟುಕೊಟ್ಟು ಬೇಕಾದ ದಿಕ್ಕನ್ನು ಪಡೆದರೆ ಅಲ್ಲಿ ತ್ಯಾಗವೆಲ್ಲಿದೆ? ಅದು ವ್ಯಾಪಾರ. ಆಸೆಯು ಎಲ್ಲಿ ಹರಿಯುತ್ತದೆಯೋ ಅಲ್ಲಿ ಕಟ್ಟೆ ಇರಬೇಕು; ನೀರಿಲ್ಲದ ಕಡೆ ಕಟ್ಟೆಯನ್ನು ಎತ್ತರಿಸುವುದರಿಂದ ಫಲವಿಲ್ಲ.

ಎರಡನೆಯ ಉಪಾಯ ಇನ್ನೂ ಸೂಕ್ಷ್ಮವಾದದ್ದು. ಮೇರೆ ಸಮುದ್ರವೆಂದಷ್ಟೇ ಹೇಳಿದೆ, ದ್ವೀಪವು ಸಮುದ್ರದೊಳಗೇ ಇದೆ, ಸಮುದ್ರದಿಂದ ಆಚೆಗಿಲ್ಲ, ಆದುದರಿಂದ ದೋಷವಿಲ್ಲ. ಮಗನು ವಿಜ್ಞಾನವನ್ನು ಓದಿದವನಾದರೆ ಮತ್ತೊಂದು ಮಾತನ್ನೂ ಸೇರಿಸಿಯಾನು. ಆ ದ್ವೀಪದ ಕಲ್ಲುಕಂಬಗಳು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗಿ ಆದವುಗಳೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ನೆಲವೇ ಸರಿದಿರುವಾಗ ದಡವೆಂಬ ಮೇರೆಗೆ ಅರ್ಥವೇನು?

ಇದಕ್ಕೆ ಸಮಾಧಾನ ಕಷ್ಟವಲ್ಲ. ಮೇರೆಯು ನೆಲದಲ್ಲಿರುವುದಲ್ಲ, ಅದನ್ನು ಒಪ್ಪಿಕೊಂಡವರ ಸಂಕಲ್ಪದಲ್ಲಿರುವುದು. ವ್ರತವನ್ನು ತೆಗೆದುಕೊಂಡ ದಿನ 'ಪಶ್ಚಿಮಕ್ಕೆ ಸಮುದ್ರ' ಎಂದಾಗ ಆಕೆಯ ಮನಸ್ಸಿನಲ್ಲಿದ್ದ ಅರ್ಥವೇನು? ಕಾಲು ನೆಲವನ್ನು ಬಿಡುವ ಜಾಗ. ಆ ಅರ್ಥವೇ ವ್ರತ. ಶಬ್ದವನ್ನು ಹಿಗ್ಗಿಸಿ ಅರ್ಥವನ್ನು ಮರೆಸುವುದು ವ್ರತದ ದೇಹವನ್ನು ಉಳಿಸಿ ಪ್ರಾಣವನ್ನು ತೆಗೆದಂತೆ. ಒಂದು ವೇಳೆ ಆ ದಿನ ದ್ವೀಪದ ಯೋಚನೆಯೇ ಬಾರದೆ ನಿಜವಾಗಿ ಸಂದೇಹವಿದ್ದರೆ, ಸಂದೇಹವನ್ನು ಬಿಗಿಯಾದ ಕಡೆಗೆ ತೀರ್ಮಾನಿಸಿ, ಆಮೇಲೆ ಗುರುಗಳನ್ನು ಕೇಳುವುದು ಮಾರ್ಗ. ದೋಣಿ ಕಾಯುತ್ತಿರುವಾಗ ಮಾಡುವ ವ್ಯಾಖ್ಯಾನ ನಂಬತಕ್ಕದ್ದಲ್ಲ. ದೋಣಿಯಲ್ಲಿ ದೋಷವಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಹೆಬ್ರಿಯ ಸಮೀಪದ ವರಂಗದಲ್ಲಿ ಕೆರೆಯ ನಡುವಣ ಬಸದಿಗೆ ದೋಣಿಯಲ್ಲಿಯೇ ಹೋಗಬೇಕು. ಅಲ್ಲಿಗೆ ಇದೇ ಅಜ್ಜಿ ನಿಸ್ಸಂಕೋಚವಾಗಿ ಹೋಗುತ್ತಾರೆ. ಆಕೆಗೆ ನೀರಿನ ಭಯವಿಲ್ಲ. ಇರುವುದು ಮಾತಿನ ಗೌರವ.

ಮೂರನೆಯ ಉಪಾಯ ಪ್ರಾಯಶ್ಚಿತ್ತ. ಈಗ ಹೋಗಿಬಂದು ಊರಿನಲ್ಲಿ ಒಂದು ಉಪವಾಸ ಮಾಡಿದರಾಯಿತು ಎಂಬ ಮಾತು. ಇದು ಮೂರರಲ್ಲಿಯೂ ಅಪಾಯಕರವಾದದ್ದು. ಮನಸ್ಸಿನ ಶುದ್ಧಿ ಕದಡುವುದು ಅತಿಕ್ರಮ, ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿಯೇ ಆಸಕ್ತನಾಗಿ ನಿಲ್ಲುವುದು ಅನಾಚಾರ ಎಂದು ಹಿರಿಯರು ನಾಲ್ಕು ಮೆಟ್ಟಿಲುಗಳನ್ನು ತೋರಿಸಿದ್ದಾರೆ. ಜಾರಿ ಬಿದ್ದವನಿಗೆ ಪ್ರಾಯಶ್ಚಿತ್ತವು ಊರುಗೋಲು. ಮುಂದೆ ಉಪವಾಸ ಮಾಡುವೆನೆಂಬ ಧೈರ್ಯದಿಂದ ಇಂದು ಬೇಲಿ ದಾಟುವವನು ಉಪವಾಸವನ್ನೇ ಪಾಪದ ಬೆಲೆಯನ್ನಾಗಿ ಮಾಡಿಕೊಂಡನು. ಅಂತಹ ಉಪವಾಸದಿಂದ ಹೊಟ್ಟೆ ಬರಿದಾದೀತೇ ವಿನಾ ಕರ್ಮನಿರ್ಜರೆಯಾಗದು.

ಹಾಗಾದರೆ ಅಜ್ಜಿಗೆ ದಕ್ಕಿದ್ದೇನು? ಮಕ್ಕಳು ಕಂಡ ದ್ವೀಪವನ್ನು ಆಕೆ ಕಾಣಲಿಲ್ಲ, ಇಷ್ಟೇ ಅಲ್ಲವೆ? ಇದೇ ಈ ವಿಚಾರದ ತಿರುಳು. ದಿಗ್ವ್ರತವನ್ನು ಹಿಡಿದ ಗೃಹಸ್ಥನ ಅಣುವ್ರತಗಳು, ಮೇರೆಯಿಂದಾಚೆಗೆ ಮಹಾವ್ರತಗಳಿಗೆ ಸಮಾನವಾಗುತ್ತವೆಂದು ಸಮಂತಭದ್ರಸ್ವಾಮಿಗಳು ಹೇಳಿದ್ದಾರೆ. ಏಕೆಂದರೆ ಆ ಪ್ರದೇಶದಲ್ಲಿ ಅವನಿಂದ ಸೂಕ್ಷ್ಮವಾದ ಪಾಪವೂ ನಡೆಯುವುದಿಲ್ಲ. ಅಡುಗೆಮನೆಯಲ್ಲಿ, ಹೊಲದಲ್ಲಿ, ಬೀದಿಯಲ್ಲಿ ಆಕೆ ಗೃಹಸ್ಥೆಯೇ. ಆದರೆ ದಡದಿಂದಾಚೆಯ ಕಡಲಿಗೆಲ್ಲ ಆಕೆಯ ವ್ರತವು ಮಹಾವ್ರತದಷ್ಟೇ ನಿರಪಾಯ. ಆ ದ್ವೀಪದ ಒಂದು ಚಿಪ್ಪು ಆಕೆಯ ಕಾಲಡಿಯಲ್ಲಿ ಒಡೆಯುವುದಿಲ್ಲ, ಒಂದು ಏಡಿಯ ಮನೆ ಮುರಿಯುವುದಿಲ್ಲ, ಒಂದು ಹನಿ ನೀರು ಕದಡುವುದಿಲ್ಲ. ಕಾಣದ ಕೋಟ್ಯನುಕೋಟಿ ಜೀವಗಳಿಗೆ ಅಂಚೆ ಇಲಾಖೆಯಲ್ಲಿದ್ದವರ, ಅಂಗಡಿ ನಡೆಸಿದವರ, ಮನೆವಾರ್ತೆ ನೋಡಿದವರ ಕೈಯಿಂದಲೂ ಕೊಡಲು ಸಾಧ್ಯವಾದ ಅಭಯದಾನವಿದು. ಮೇರೆಯೆಂದರೆ ಕಳೆದುಕೊಂಡ ನೆಲವೆಂದು ಮಗ ತಿಳಿದಿದ್ದಾನೆ. ಅದು ಕೊಟ್ಟ ನೆಲ.

ಈ ದಾನಕ್ಕೂ ಒಂದು ಕಳಂಕ ತಗಲಬಹುದು. ದಡದಲ್ಲಿ ನಿಂತವರು ಮುಖ ಬಾಡಿಸಿಕೊಂಡು, 'ನನ್ನ ಗತಿ ಇಷ್ಟೆ, ನೀವು ಸುಖವಾಗಿ ಹೋಗಿ ಬನ್ನಿ' ಎಂದು ನಿಟ್ಟುಸಿರಿಟ್ಟರೆ ಇಡೀ ಮನೆಯ ಸಂತೋಷ ಕದಡುತ್ತದೆ, ಮಕ್ಕಳಿಗೆ ವ್ರತವೆಂದರೆ ಮುನಿಸು ಎಂಬ ಪಾಠವಾಗುತ್ತದೆ. ಇನ್ನೊಬ್ಬರ ಮೇಲೆ ಹೊರೆಯಾಗುವ ವ್ರತವು ತನ್ನ ಹೊರೆಯನ್ನೂ ಇಳಿಸದು. ಮಗುವಿನ ಕೈಯನ್ನು ಮೆಲ್ಲನೆ ಬಿಡಿಸಿ, 'ಅಲ್ಲಿ ಕಂಡದ್ದನ್ನೆಲ್ಲ ಬಂದು ನನಗೆ ಹೇಳು ಕಂದ' ಎಂದು ಕಳುಹಿಸಿ, ನೆರಳಿನಲ್ಲಿ ಸಾಮಾಯಿಕಕ್ಕೆ ಕುಳಿತರೆ ಆ ಹಗಲು ಎರಡು ಕಡೆಯೂ ಸಾರ್ಥಕ. ಮಗನಿಗೂ ಒಂದು ಕರ್ತವ್ಯವಿದೆ. ಒಮ್ಮೆ ಕೇಳಿದ ಮೇಲೆ ಮತ್ತೆ ಒತ್ತಾಯಿಸಬಾರದು. ತಾಯಿಯನ್ನು ಒಂಟಿಯಾಗಿ ಬಿಡದೆ, ಗಂಡಹೆಂಡಿರಲ್ಲಿ ಒಬ್ಬರು ದಡದಲ್ಲಿ ಉಳಿಯುವುದು ಇನ್ನೂ ಲೇಸು.

ಕೊನೆಯ ಪರೀಕ್ಷೆ ಸಂಜೆಯದು. ಪಡುವಣ ತೀರಕ್ಕೆ ಬಂದವರೆಲ್ಲರೂ ಸೂರ್ಯಾಸ್ತವನ್ನು ನೋಡಬಯಸುತ್ತಾರೆ. ನೋಡುವುದರಲ್ಲಿ ದೋಷವಿಲ್ಲ. ಆದರೆ ನೋಡಿ ಮುಗಿಸಿ ಊಟಕ್ಕೆ ಕುಳಿತರೆ ಅನಸ್ತಮಿತ ವ್ರತ ಹೋಯಿತು. ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿ ಸೂರ್ಯನು ಮುಳುಗುವುದು 6 ಗಂಟೆ ದಾಟಿ ಕೆಲವೇ ನಿಮಿಷಗಳಿಗೆ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕೆಂದರೆ 5 ಗಂಟೆ 15 ನಿಮಿಷಕ್ಕೆ ಕೈ ತೊಳೆದಿರಬೇಕು. ಇದು ತಾನಾಗಿ ಒದಗಿಬರುವುದಲ್ಲ. ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡವರಿಗೆ, ನೀರನ್ನು ಕಾಯಿಸಿ ತಂದವರಿಗೆ ಮಾತ್ರ ಸಾಧ್ಯ. ಹೊಟ್ಟೆ ತುಂಬಿದ ಮೇಲೆ ನಿಶ್ಚಿಂತೆಯಿಂದ ನೋಡುವ ಸೂರ್ಯಾಸ್ತವು ಹೋಟೆಲಿಗೆ ಓಡುವ ಆತುರದಲ್ಲಿ ನೋಡುವುದಕ್ಕಿಂತ ಚೆನ್ನ.

ಭೋಗೋಪಭೋಗ ಪರಿಮಾಣದಲ್ಲಿ ಯಮ, ನಿಯಮಗಳೆಂದು ಎರಡು ಬಗೆ. ಯಮವು ಜೀವವಿರುವ ತನಕ. ನಿಯಮವು ಗೊತ್ತಾದ ಕಾಲಕ್ಕೆ. ಇಂದು, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ ಎಂದು ಕಾಲವನ್ನು ಅಳೆದು, ಊಟ, ವಾಹನ, ಸ್ನಾನ, ಉಡುಗೆಗಳಿಗೆ ಮಿತಿ ಹಾಕಿಕೊಳ್ಳುವ ಅವಕಾಶವನ್ನು ಆಚಾರ್ಯರು ಕೊಟ್ಟಿದ್ದಾರೆ. ರಜೆಯೂ ಅಳೆದ ಕಾಲವೇ. ಆದುದರಿಂದ ರಜೆಗೆ ಒಪ್ಪುವ ನಿಯಮವೂ ಉಂಟು. ಹೊರಡುವ ಮುನ್ನ ಊರಿನ ಬಸದಿಯಲ್ಲಿ ನಿಂತು, ಈ ಮೂರು ದಿನ ಇಂತಿಷ್ಟೇ ಊರುಗಳು, ಒಂದೇ ಸಲ ಕಡಲಸ್ನಾನ, ಹಗಲಿನಲ್ಲಿಯೇ ಊಟ, ಚಿಪ್ಪು ಶಂಖಗಳನ್ನು ತರುವುದಿಲ್ಲ, ಎಂದು ಮಕ್ಕಳ ಬಾಯಿಂದಲೇ ಹೇಳಿಸಬಹುದು. ದಿನವನ್ನು ಗೊತ್ತುಮಾಡುವಾಗ ಕಚೇರಿಯ ರಜಾಪಟ್ಟಿಯೊಡನೆ ಪಂಚಾಂಗವನ್ನೂ ತೆರೆದು, ಅಷ್ಟಮಿ ಚತುರ್ದಶಿಗಳನ್ನು ಬಿಡಬಹುದು. ಪ್ರೋಷಧದ ದಿನ ಸ್ನಾನ, ಅಲಂಕಾರಗಳನ್ನೇ ತ್ಯಜಿಸಬೇಕಾದ ಹಿರಿಯರನ್ನು ಆ ದಿನವೇ ಕಡಲ ತೀರಕ್ಕೆ ಎಳೆದೊಯ್ಯುವುದು ತಪ್ಪುತ್ತದೆ.

ರಜೆಯು ಉದ್ಯೋಗದಿಂದ ಬಿಡುವು. ಉದ್ಯೋಗವು ಹೊರಗಿನಿಂದ ಬಂದ ಕಟ್ಟು, ಆದುದರಿಂದ ಅದಕ್ಕೆ ಬಿಡುವು ಬೇಕು. ವ್ರತವು ತಾನಾಗಿ ಒಪ್ಪಿಕೊಂಡ ಕಟ್ಟು. ಅದರಿಂದ ಬಿಡುವು ಬೇಕೆನಿಸಿದರೆ, ಅದನ್ನು ಒಪ್ಪಿಕೊಂಡ ಬಗೆಯಲ್ಲಿಯೇ ಏನೋ ಕೊರತೆಯಿದೆಯೆಂದು ತಿಳಿಯಬೇಕು. ಆ ಕೊರತೆಯನ್ನು ಮನೆಯಲ್ಲಿ ಕುಳಿತು ಅರಿಯುವುದು ಕಷ್ಟ. ಮನೆಯಿಂದ ದೂರದಲ್ಲಿ, ಯಾರೂ ನೋಡದ ಕಡೆ, ಎಲ್ಲರೂ ನಗುತ್ತಿರುವ ಹೊತ್ತಿನಲ್ಲಿ ಅದು ತಾನಾಗಿ ತಿಳಿಯುತ್ತದೆ. ಶ್ರಾವಕ ಶ್ರಾವಿಕೆಯರು ಕಡಲನ್ನು ನೋಡಲಿ, ಮಕ್ಕಳು ಅಲೆಗಳೊಡನೆ ಆಡಲಿ. ಹೊರಡುವಾಗ ಬುತ್ತಿಯೊಡನೆ, ನೀರು ಸೋಸುವ ಬಟ್ಟೆಯೊಡನೆ ತಮ್ಮ ತಮ್ಮ ವ್ರತಗಳನ್ನೂ ನೆನಪಿನಿಂದ ಕಟ್ಟಿಕೊಂಡು ಹೊರಡಲಿ.